ಊರಿಗೆ ತೋರಿಸುವ ಕಾರು

ಮುಂಬಯಿಯವರ ಕಾರನ್ನು ಆರಿಸುವವರು ಮುಂಬಯಿಯವರಲ್ಲ, ಊರಿನವರು. ಈ ಮಾತಿಗೆ ನಿಮಗೆ ಸಿಟ್ಟು ಬಂದರೆ ಬರಲಿ. ದುಡ್ಡು ನಮ್ಮದು, ಸಾಲ ನಮ್ಮದು, ಸಾಯನ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಮರಗಟ್ಟುವ ಎಡಗಾಲೂ ನಮ್ಮದೇ. ಆದರೆ ಯಾವ ಕಾರು, ಎಷ್ಟು ಎತ್ತರ, ಎಷ್ಟು ಸೀಟು, ಮೂತಿಯ ಮೇಲೆ ಯಾವ ಕಂಪನಿಯ ಚಿಹ್ನೆ, ಇದೆಲ್ಲ ತೀರ್ಮಾನವಾಗುವುದು ಬೇಸಿಗೆ ರಜೆಯಲ್ಲಿ ತರವಾಡು ಮನೆಯ ಅಂಗಳದಲ್ಲಿ. ನೇಮಕ್ಕೆ ಬಂದವರು ದೈವದ ಕಡೆ ಒಂದು ಕಣ್ಣು, ಅಂಗಳದಾಚೆ ನಿಂತ ಎಂಎಚ್ ನಂಬರಿನ ಗಾಡಿಗಳ ಕಡೆ ಇನ್ನೊಂದು ಕಣ್ಣು ಇಟ್ಟುಕೊಂಡು ಯಾರು ಉದ್ಧಾರವಾದರು, ಯಾರು ಹಾಳಾದರು ಅಂತ ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕಕ್ಕೆ ಹೆದರಿ ನಾವು ವರ್ಷದ ಮುನ್ನೂರ ಐವತ್ತು ದಿನ ಬೇಡದ ಗಾಡಿಗೆ ಕಂತು ಕಟ್ಟುತ್ತೇವೆ.

ಇದನ್ನು ಬರೆಯುವ ಹಾಗೆ ಮಾಡಿದ್ದು ಅಕ್ಕನ ಮಗ. ನಮ್ಮ ಕಟ್ಟಿನಲ್ಲಿ ಅಳಿಯ ಬಂದು ಕೇಳಿದರೆ ಮಾವ ಹೇಳಲೇಬೇಕು, ಹೇಳಿದ್ದನ್ನು ಅಳಿಯ ಕೇಳಬೇಕೆಂದೇನೂ ಇಲ್ಲ. ಠಾಣೆಯಲ್ಲಿ ಅವನ ಅಪ್ಪ ಕಟ್ಟಿದ ಹೋಟೆಲಿದೆ, ಈಗ ಇವನೇ ಗಲ್ಲಾದಲ್ಲಿ ಕೂರುವುದು. ಐದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ತಗೊಂಡಿದ್ದ. ಎರಡೇ ಸೀಟು, ಮಡಚುವ ಮಾಡು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದ ಹಾಗೆ ಆಕಾರ. ಈಗ ಮದುವೆಯಾಗಿದೆ, ಮಗುವಿದೆ, ಅಮ್ಮನಿಗೆ ಮೊಣಕಾಲು ನೋವು. "ಇದನ್ನು ಕೊಟ್ಟು ಒಂದು ಆರಾಮದ ಏಳು ಸೀಟಿನದ್ದು ತಗೊಳ್ಳುವ ಅಂತ ಉಂಟು ಮಾವ. ಎಂತ ಮಾಡುದು?" ಅಂತ ಕೇಳಿದ. ಕೇಳುವುದಕ್ಕೆ ಮುಂಚೆ ಎಲ್ಲರೂ ಹೌದು ಅಂದಾಗಿತ್ತು. ಅಂತೂ ಹುಡುಗನಿಗೆ ಬುದ್ಧಿ ಬಂತು ಅಂತ ಊರಿನಿಂದ ಫೋನುಗಳೂ ಬಂದಿದ್ದವು.

ನಾನು ಬೇಡ ಅಂದೆ. ಸ್ಪೋರ್ಟ್ಸ್ ಕಾರಿನ ಮೇಲೆ ನನಗೆ ಪ್ರೀತಿಯೇನಿಲ್ಲ. ಅದರೊಳಗೆ ಕೂರಬೇಕಾದರೆ ನನ್ನ ವಯಸ್ಸಿನವರು ಯೋಗಾಸನ ಕಲಿತಿರಬೇಕು. ಈ ಊರಿನಲ್ಲಿ ಅಂಥಾ ಕಾರು ಒಂದು ಹುಚ್ಚು, ಅದರಲ್ಲಿ ಸಂಶಯವಿಲ್ಲ. ಆದರೆ ಹುಚ್ಚು ಅಂತ ಗೊತ್ತಿದ್ದು ಮಾಡುವ ಹುಚ್ಚು ಬೇರೆ, ಸಂಸಾರಸ್ಥನ ವಿವೇಕ ಅಂತ ಹೇಳಿಕೊಂಡು ಮಾಡುವ ಹುಚ್ಚು ಬೇರೆ.

ಮುಂಬಯಿಯ ಅತಿ ಪ್ರಸಿದ್ಧ ಸ್ಪೋರ್ಟ್ಸ್ ಕಾರಿನ ಕಥೆ ನಿಮಗೂ ನೆನಪಿರಬಹುದು. ಸಚಿನ್ ತೆಂಡೂಲ್ಕರ್ ಟೆಸ್ಟಿನಲ್ಲಿ 29ನೇ ಶತಕ ಹೊಡೆದು ಬ್ರಾಡ್ಮನ್ನರನ್ನು ಸರಿಗಟ್ಟಿದ್ದಕ್ಕೆ 2002ರಲ್ಲಿ ಫಿಯಟ್ ಕಂಪನಿ ಒಂದು ಫೆರಾರಿ 360 ಮೊಡೆನಾ ಉಡುಗೊರೆ ಕೊಟ್ಟಿತು. ಕೀಲಿಕೈ ಕೊಟ್ಟವರು ಮೈಕೆಲ್ ಶೂಮಾಕರ್. ಇಲ್ಲಿಗೆ ತರುವುದಕ್ಕೆ ಕಸ್ಟಮ್ಸ್ ಸುಂಕ 1 ಕೋಟಿ 13 ಲಕ್ಷ ಆಗುತ್ತಿತ್ತು. ಸರ್ಕಾರ ಅದನ್ನು ಮನ್ನಾ ಮಾಡಿತು. 2003ರಲ್ಲಿ ಅದರ ಮೇಲೆ ದೊಡ್ಡ ಗಲಾಟೆಯಾಗಿ, ವಿಷಯ ದಿಲ್ಲಿ ಹೈಕೋರ್ಟಿಗೂ ಹೋಗಿ, ಕಡೆಗೆ ಫಿಯಟ್‌ನವರೇ ಸುಂಕ ಕಟ್ಟಿದರು. ಆಗ ಇಡೀ ದೇಶ ಕೇಳಿದ್ದು ಸುಂಕ ಯಾರು ಕಟ್ಟಬೇಕು ಅಂತ. ಆ ಕಾರನ್ನು ಬಾಂದ್ರಾದಿಂದ ಎಲ್ಲಿಗೆ ಓಡಿಸುತ್ತೀರಿ ಮಾರಾಯ್ರೇ ಅಂತ ಕೇಳಿದವರು ಕಡಿಮೆ. 2011ರಲ್ಲಿ ಅದು ಸೂರತ್ತಿನ ಒಬ್ಬ ಉದ್ಯಮಿಗೆ ಮಾರಾಟವಾಯಿತು. 2012ರಲ್ಲಿ ಅದರ ಸುತ್ತ ಒಂದು ಹಿಂದಿ ಸಿನಿಮಾವೂ ಬಂತು. ಅಷ್ಟು ದೊಡ್ಡ ಮನುಷ್ಯನಿಗೇ ಈ ಊರಿನಲ್ಲಿ ಫೆರಾರಿ ಒಂಬತ್ತು ವರ್ಷಕ್ಕೆ ಸಾಕಾಯಿತು ಅಂದರೆ, ಇಡ್ಲಿ ವಡೆ ಮಾರುವ ನಮ್ಮ ಹುಡುಗ ಐದು ವರ್ಷ ಇಟ್ಟುಕೊಂಡದ್ದೇ ಹೆಚ್ಚು.

ಅಂದಹಾಗೆ ನಮ್ಮ ನೆರೆಯ ಗೋವಾದಲ್ಲೇ ತೊಂಬತ್ತರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ಪುಟ್ಟ ಕಾರು ತಯಾರಾಗುತ್ತಿತ್ತು. ಫೈಬರಿನ ಮೈ, 1.2 ಲೀಟರಿನ ರೆನೋ ಎಂಜಿನ್, ಅರವತ್ತು ಕುದುರೆಶಕ್ತಿ. ಆ ಶಕ್ತಿಯಲ್ಲಿ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ. ಅಂಥದ್ದು ಈಗ ಇಲ್ಲ. ಈಗಿನವು ಬ್ರೀಚ್ ಕ್ಯಾಂಡಿಯ ಮುದುಕರನ್ನು ನಡುರಾತ್ರಿ ಎಬ್ಬಿಸುತ್ತವೆ. ಕೋಸ್ಟಲ್ ರೋಡು ಆದ ಮೇಲೆ ಸೈಲೆನ್ಸರ್ ಬದಲಿಸಿದ ಕಾರುಗಳ ರೇಸಿನ ಗದ್ದಲಕ್ಕೆ ಅಲ್ಲಿನವರು ದೂರು ಕೊಟ್ಟು ಕೊಟ್ಟು ಸುಸ್ತಾಗಿದ್ದಾರೆ. ಹಾಗಾಗಿ ಸ್ಪೋರ್ಟ್ಸ್ ಕಾರು ಮಾರುತ್ತೇನೆ ಅಂದರೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಬದಲಿಗೆ ಬರುವುದರ ಮೇಲೆ, ಅದಕ್ಕೆ ಆರಾಮ ಅಂತ ಹೆಸರಿಡುವುದರ ಮೇಲೆ.

ಮುಂಬಯಿಯಲ್ಲಿ ಆರಾಮ ಅಂದರೆ ಏನು ಅಂತ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿನ ಲೋಕಲ್ ಟ್ರೈನಿನಲ್ಲಿ ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವನಿಗೂ ಜಾಗವಿದೆ. ಫೋರ್ತ್ ಸೀಟ್ ಅಂತಲೇ ಅದಕ್ಕೆ ಹೆಸರು. ಅರ್ಧ ಕುಂಡೆ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಡೊಂಬಿವಲಿಯಿಂದ ವಿಟಿಯವರೆಗೆ ಅದು ಸಿಕ್ಕಿದರೆ ಅವತ್ತು ಆರಾಮ. ಮನೆ ಸ್ಟೇಶನ್ನಿನಿಂದ ನಡೆದು ಐದು ನಿಮಿಷ ಆದರೆ ಜೀವಮಾನವೇ ಆರಾಮ. ಇಲ್ಲಿ ಮನೆ ಮಾರುವವರು ಮೊದಲು ಹೇಳುವುದು ಸ್ಟೇಶನ್ನಿಗೆ ಎಷ್ಟು ದೂರ ಅಂತ, ಹಾಲು ಎಷ್ಟು ದೊಡ್ಡದು ಅನ್ನೋದು ಆಮೇಲೆ. 2017ರ ಡಿಸೆಂಬರಿನಲ್ಲಿ ಮೊದಲ ಎಸಿ ಲೋಕಲ್ ಬಂದಾಗ ನನ್ನ ಓರಗೆಯವರು ಬಾಗಿಲು ಮುಚ್ಚುವ ಟ್ರೈನು ನೋಡಲೆಂದೇ ಹೋಗಿದ್ದರು. ಉಳಿದ ಟ್ರೈನುಗಳಿಗೆ ಮುಚ್ಚುವ ಬಾಗಿಲಿಲ್ಲದೆ 2025ರ ಜೂನ್ 9ರಂದು ಮುಂಬ್ರಾದ ಹತ್ತಿರ ಜೋತಾಡುತ್ತಿದ್ದವರು ಹಳಿಗೆ ಬಿದ್ದು ಸತ್ತರು. ಕೆಲಸಕ್ಕೆ ಹೊರಟವರು. ಮುಂಬ್ರಾ ಅಂದರೆ ಅಳಿಯನ ಹೋಟೆಲಿನಿಂದ ಬಹಳ ದೂರವೇನಲ್ಲ, ಅವನ ಇಬ್ಬರು ಮಾಣಿಗಳು ದಿನವೂ ಬರುವುದು ಅದೇ ಲೈನಿನಲ್ಲಿ.

ಇನ್ನು ರಸ್ತೆ. 2009ರಲ್ಲಿ ಬಾಂದ್ರಾ–ವರ್ಲಿ ಸೀ ಲಿಂಕ್ ಆಯಿತು, ಬೈಕಿಗೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ಸುಮಾರು 22 ಕಿಲೋಮೀಟರಿನ ಅಟಲ್ ಸೇತು ತೆರೆಯಿತು, ಬೈಕಿಗೆ ಪ್ರವೇಶವಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಕೋಸ್ಟಲ್ ರೋಡು ತೆರೆಯಲು ಶುರುವಾಯಿತು. ಹತ್ತೂವರೆ ಕಿಲೋಮೀಟರು, ಹದಿಮೂರು ಸಾವಿರ ಕೋಟಿಗೂ ಮಿಕ್ಕಿ ಖರ್ಚು, ಅಲ್ಲೂ ಬೈಕು, ರಿಕ್ಷಾ ಬೇಡ. ಒಂದೆರಡು ಬೆಸ್ಟ್ ಬಸ್ಸು ಹೋಗುತ್ತವೆ, ಇಲ್ಲವೆಂದಲ್ಲ. ಆದರೆ ಅದೇ ಬೆಸ್ಟ್‌ನಲ್ಲಿ ಒಂದು ಕಾಲಕ್ಕೆ ನಾಲ್ಕು ಸಾವಿರ ಮೀರಿದ್ದ ಬಸ್ಸುಗಳು 2025ರ ಹೊತ್ತಿಗೆ ಮೂರು ಸಾವಿರದೊಳಗೆ ಇಳಿದವು, ಆ ವರ್ಷದ ಮೇ ತಿಂಗಳಲ್ಲಿ ಕನಿಷ್ಠ ದರ ಐದರಿಂದ ಹತ್ತು ರೂಪಾಯಿಗೆ ಏರಿತು. ಬಸ್ಸು ಕಡಿಮೆ, ಟಿಕೆಟು ದುಪ್ಪಟ್ಟು. ಕಾರಿನವನಿಗೆ ಮಾತ್ರ ಸಮುದ್ರವನ್ನೇ ತುಂಬಿಸಿ ದಾರಿ. ಹೀಗಿರುವಾಗ ಒಬ್ಬನೇ ಮನುಷ್ಯ ಏಳು ಸೀಟಿನ ಗಾಡಿ ಹೊರಡಿಸಿ ಘೋಡ್‌ಬಂದರ್ ರೋಡಿನಲ್ಲಿ ಒಂದೂವರೆ ಗಂಟೆ ನಿಂತು, ಆರು ಖಾಲಿ ಸೀಟುಗಳಿಗೂ ಎಸಿ ಹಾಕಿಕೊಂಡು, ಟ್ರಾಫಿಕ್ ಜಾಸ್ತಿಯಾಯಿತು ಅಂತ ಬೈದರೆ ನಗಬೇಕೋ ಅಳಬೇಕೋ? ಆ ಎರಡು ಸೀಟಿನ ಕಾರನ್ನು ಅವನು ತೆಗೆಯುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಎಂಟಕ್ಕೆ ವಾಪಸ್. ಉಳಿದ ದಿನ ಸ್ಕೂಟರಿನಲ್ಲಿ ಹೋಟೆಲಿಗೆ. ಆರಾಮದ ಗಾಡಿ ಬಂದ ಮೇಲೆ ಸ್ಕೂಟರು ಮೂಲೆಗೆ. ಹುಚ್ಚು ವಾರಕ್ಕೆ ಎರಡು ಗಂಟೆ ರಸ್ತೆ ತಿನ್ನುತ್ತಿತ್ತು, ವಿವೇಕ ದಿನಕ್ಕೆ ಮೂರು ಗಂಟೆ ತಿನ್ನುತ್ತದೆ.

ಅಮ್ಮನ ಮೊಣಕಾಲು ಅಂದರಲ್ಲ, ಆ ಮಾತಿಗೆ ಉತ್ತರ ಕೊಡಲೇಬೇಕು, ಏಕೆಂದರೆ ಅಕ್ಕ ನನ್ನ ಅಕ್ಕ. ಹಳೆಯ ಕಾರು ಮಾರಿದರೆ 18 ಲಕ್ಷ ಬರುತ್ತದಂತೆ, ಹೊಸತು ರಸ್ತೆಗಿಳಿಯುವಾಗ 42 ಲಕ್ಷ. ನಡುವಿನ 24 ಲಕ್ಷಕ್ಕೆ ಐದು ವರ್ಷದ ಸಾಲ, ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 50 ಸಾವಿರ. ಅಕ್ಕ ಮನೆಯಿಂದ ಹೊರಗೆ ಹೋಗುವುದು ತಿಂಗಳಿಗೆ ಐದಾರು ಸಲ: ಡಾಕ್ಟರಲ್ಲಿಗೆ, ದೇವಸ್ಥಾನಕ್ಕೆ, ಯಾವುದಾದರೂ ಸಂಘದ ಕಾರ್ಯಕ್ರಮಕ್ಕೆ. ದಿನಾ ಟ್ಯಾಕ್ಸಿ ಮಾಡಿಸಿ ಠಾಣೆಯಿಂದ ಮಾಟುಂಗಕ್ಕೆ ಹೋಗಿ ಬಂದರೂ 50 ಸಾವಿರ ಖರ್ಚಾಗಲಿಕ್ಕಿಲ್ಲ. ಮೇಲಾಗಿ ಆ ಎತ್ತರದ ಗಾಡಿಗೆ ಹತ್ತುವುದಕ್ಕೂ ಮೊಣಕಾಲೇ ಬೇಕು. ಶೋರೂಮಿಗೆ ಅಕ್ಕನನ್ನು ಕರೆದುಕೊಂಡು ಹೋಗಿ ಹತ್ತಿಸಿ ನೋಡಿದೆಯಾ ಅಂತ ಕೇಳಿದೆ. ಇಲ್ಲವಂತೆ! 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾಗಿ ದೊಡ್ಡ ಗಾಡಿಗೆ ಸೆಸ್ ಹೋಗಿ ತೆರಿಗೆ 40 ಶೇಕಡಾ ಆಯಿತಲ್ಲ, ಮೊದಲಿಗಿಂತ ಅಗ್ಗ ಅಂತ ಸೇಲ್ಸ್‌ನವನು ಹೇಳಿದನಂತೆ. ನೂರಕ್ಕೆ ನಲವತ್ತು ತೆರಿಗೆ ಕಟ್ಟುವುದನ್ನು ಉಳಿತಾಯ ಅಂತ ನಂಬಿಸಿದ ಆ ಹುಡುಗನಿಗೆ ನಮ್ಮ ಗಲ್ಲಾದಲ್ಲೇ ಕೆಲಸ ಕೊಡಬಹುದು.

ಮಳೆಗಾಲದ ಮಾತೂ ಬಂತು. ತಗ್ಗಿನ ಕಾರು ಹಿಂದ್‌ಮಾತಾದಲ್ಲಿ, ಅಂಧೇರಿ ಸಬ್‌ವೇಯಲ್ಲಿ ಮುಳುಗುತ್ತದೆ, ಎತ್ತರದ್ದಾದರೆ ಧೈರ್ಯ, ಅಂತ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಧೈರ್ಯ ಮಾಡಿ ಕಾರಿನೊಳಗೇ ಕೂತವರಲ್ಲಿ ಕೆಲವರು ಬಾಗಿಲು ತೆರೆಯಲಾಗದೆ ಒಳಗೇ ತೀರಿಕೊಂಡರು. ಇಳಿದು ನಡೆದವರು ಮರುದಿನವಾದರೂ ಮನೆ ಸೇರಿದರು. ನೀರು ನಿಂತ ದಿನ ಗಾಡಿ ಹೊರಗೆ ತೆಗೆಯದಿರುವುದಕ್ಕೆ 42 ಲಕ್ಷ ಬೇಕಾಗಿಲ್ಲ.

ಉಳಿದದ್ದು ಊರಿನ ದಾರಿ. ನಿಜ ಹೇಳಬೇಕೆಂದರೆ ಇದೊಂದೇ ಕಾರಣ, ಬೇರೆಯೆಲ್ಲ ಅದಕ್ಕೆ ಹೊದಿಸಿದ ಶಾಲು. ಮುಂಬಯಿ–ಗೋವಾ ಹೆದ್ದಾರಿಯ ಅಗಲೀಕರಣ 2011ರಲ್ಲಿ ಪನ್ವೇಲ್ ಕಡೆಯಿಂದ ಶುರುವಾದದ್ದು 2025ರ ಕೊನೆಗೂ ಮುಗಿದಿರಲಿಲ್ಲ. ನಮ್ಮವರು ಪುಣೆ, ಕೊಲ್ಹಾಪುರ, ಬೆಳಗಾವಿ ಸುತ್ತಿಕೊಂಡು ಊರಿಗೆ ಹೋಗುತ್ತಾರೆ. ಅಷ್ಟು ದೂರ ಹೋಗಿ, ಮನೆಗೆ ಅರ್ಧ ಕಿಲೋಮೀಟರು ಇರುವಾಗ ಮುರಕಲ್ಲಿನ ಏರು ದಾರಿ. ಅಳಿಯ ಒಮ್ಮೆ ಆ ಸ್ಪೋರ್ಟ್ಸ್ ಕಾರನ್ನು ತಗೊಂಡು ಹೋಗಿ, ಹೊಟ್ಟೆ ಉಜ್ಜಿ, ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ನಡೆದು ಬರಬೇಕಾಯಿತು. ಅವನಿಗೆ ನೋವಾದದ್ದು ಕಾರಿಗೆ ಗೀರು ಬಿದ್ದದ್ದಕ್ಕಲ್ಲ, ಕಾರು ಅಂಗಳ ತಲುಪಲಿಲ್ಲ, ಯಾರೂ ನೋಡಲಿಲ್ಲ ಅನ್ನೋದಕ್ಕೆ. ನೋಡಿದ ಒಬ್ಬರು ಚಿಕ್ಕಪ್ಪ "ಎಂತದಾ ಇದು, ಇಬ್ಬರು ಕೂತರೆ ಚೀಲ ಇಡಲಿಕ್ಕೆ ಜಾಗ ಇಲ್ಲ, ಇದಕ್ಕಿಂತ ರಿಕ್ಷಾ ವಾಸಿ" ಅಂದರಂತೆ. 24 ಲಕ್ಷದ ಸಾಲ ಅವತ್ತು ಮಂಜೂರಾಯಿತು ನೋಡಿ.

ಹಡಗಿನಲ್ಲೋ ಬಸ್ಸಿನಲ್ಲೋ ಬಂದ ನಮ್ಮ ಹಿರಿಯರು ಕ್ಯಾಂಟೀನಿನಲ್ಲಿ ಲೋಟ ತೊಳೆದು, ಕೋಟೆಯ ರಾತ್ರಿ ಶಾಲೆಯಲ್ಲಿ ಕಲಿತು, ಊರಿಗೆ ಮನಿಯಾರ್ಡರ್ ಕಳಿಸಿದರು. ಆಗ ಊರು ಕೇಳುತ್ತಿದ್ದದ್ದು ಹಣ ಬಂತಾ ಅಂತ. ನಾಲ್ಕು ಜನರ ಹೊಟ್ಟೆ ಆ ಹಣದ ಮೇಲೆ ನಿಂತಿತ್ತು, ಕೇಳಿದ್ದರಲ್ಲಿ ತಪ್ಪಿಲ್ಲ. ಈಗ ಕೇಳುವುದು ಯಾವುದರಲ್ಲಿ ಬಂದೆ ಅಂತ. ನಾವು ಟ್ರೈನಿನಲ್ಲಿ ಬಂದೆವು ಅಂದರೆ ನಿಮ್ಮ ಮುಖದಲ್ಲಿ ಒಂದು ಕನಿಕರ ಹಾದುಹೋಗುತ್ತದೆ. ಆ ಕನಿಕರದ ಬೆಲೆ ಎಷ್ಟು ಅಂತ ನಿಮಗೆ ಗೊತ್ತಿಲ್ಲ. ಅಳಿಯನ ಹೋಟೆಲಿನಲ್ಲಿ ಕುಂದಾಪುರ, ಬೈಂದೂರು ಕಡೆಯ ಆರು ಹುಡುಗರು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಮಲಗುತ್ತಾರೆ. ಮೇ ತಿಂಗಳಲ್ಲಿ ಆ ಅಟ್ಟದ ಸೆಕೆ ಹೇಗಿರುತ್ತದೆ ಅನ್ನೋದು ಮಲಗಿದವರಿಗೇ ಗೊತ್ತು. ಕಂತಿನ ಅರ್ಧ ದುಡ್ಡಿನಲ್ಲಿ ಕಳವಾದಲ್ಲಿ ಅವರಿಗೊಂದು ಖೋಲಿ ಬಾಡಿಗೆಗೆ ಸಿಗುತ್ತದೆ, ಕಿಟಕಿಯಿರುವ ಖೋಲಿ. ಆರಾಮಕ್ಕಾಗಿಯೇ ಖರ್ಚು ಮಾಡುವುದಾದರೆ ಇಲ್ಲಿಂದ ಶುರು ಮಾಡು ಅಂದೆ. ಅವರೂ ಊರಿನ ಮಕ್ಕಳೇ, ಅವರ ಮನೆಯವರೂ ನಿನ್ನ ನೇಮಕ್ಕೆ ಬರುವವರೇ. ಅವನು ಏನೂ ಹೇಳಲಿಲ್ಲ, ಲೆಕ್ಕದ ಚೀಟಿಯನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡ.

ಬುಕಿಂಗಿನ ಮುಂಗಡ ಇನ್ನೂ ಕೊಟ್ಟಿಲ್ಲ. ಈ ವರ್ಷದ ನೇಮ ಮೇ ಎರಡನೇ ವಾರ. ಟ್ರೈನಿನ ರಿಸರ್ವೇಶನ್ 2024ರ ನವೆಂಬರಿನಿಂದ ಅರವತ್ತು ದಿನ ಮುಂಚೆ ಮಾತ್ರ ತೆರೆಯುತ್ತದೆ, ಹಿಂದಿನ ಹಾಗೆ ನೂರಿಪ್ಪತ್ತು ದಿನವಲ್ಲ. ಬೆಳಿಗ್ಗೆ ಎಂಟಕ್ಕೆ ಕೂತರೆ ಎಂಟೂ ಐದಕ್ಕೆ ಮತ್ಸ್ಯಗಂಧ ಭರ್ತಿ. ಐದು ಟಿಕೆಟು ನಾನೇ ತೆಗೆಯುತ್ತೇನೆ, ಅಕ್ಕನಿಗೆ ಕೆಳಗಿನ ಬರ್ತು. ಸುರತ್ಕಲ್ಲಿನಲ್ಲಿ ಇಳಿದ ಮೇಲೆ ಮನೆಯವರೆಗೆ ರಿಕ್ಷಾ ಮಾಡುತ್ತೇವೆ. ಚಿಕ್ಕಪ್ಪನವರು ಅಂಗಳದಲ್ಲೇ ಇದ್ದರೆ ಬಾಡಿಗೆ ಅವರೇ ಕೊಡಲಿ.