ಮಲಗಿದರೆ ದುಡ್ಡು, ಎದ್ದರೆ ಇಲ್ಲ!

ಲಕ್ವಾ ಹೊಡೆದ ನಮ್ಮ ಕಾಕಾನ ಕಾರ್ಡು ಹಿಡಿದು ರಾಮಸಮುದ್ರದಿಂದ ಯಾದಗಿರಿಯ ಖಾಸಗಿ ಫಿಸಿಯೋಥೆರಪಿ ಕೇಂದ್ರವೊಂದಕ್ಕೆ ಹೋಗಿದ್ದೆ. "ಇದು ಇಲ್ಲಿ ನಡೆಯಂಗಿಲ್ರಿ" ಅಂದರು.

ತಪ್ಪು ಅವರದಲ್ಲ, ಯೋಜನೆಯದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತೆ ನಿಜ. ಆದರೆ ಆಸ್ಪತ್ರೆಗೆ ದಾಖಲಾದವರಿಗೆ! ದಿನಾ ಹೋಗಿ ಕೈಕಾಲು ಆಡಿಸಿಕೊಂಡು ಬರುವ ಚಿಕಿತ್ಸೆ ಅದರ ಲೆಕ್ಕಕ್ಕಿಲ್ಲ. ಲಕ್ವಾದವರನ್ನು ನಡೆಸೋದು ತಿಂಗಳುಗಟ್ಟಲೆಯ ಆ ವ್ಯಾಯಾಮವೇ ತಾನೆ?

ಬಸ್ ಚಾರ್ಜು, ಫೀಸು, ಜೊತೆಗೆ ಬಂದವರ ಒಂದು ದಿನದ ಕೂಲಿ... ಬಡವರು ಅರ್ಧಕ್ಕೇ ಬಿಡ್ತಾರೆ. ಕೈ ಮಡಚಿಕೊಂಡೇ ಉಳಿಯುತ್ತೆ.

2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಸ್ಟರನ್ನು ಆರೋಗ್ಯ ವೃತ್ತಿಪರರೆಂದು ಒಪ್ಪಿದೆ. ವಿಮೆ ಒಪ್ಪೋದು ಯಾವಾಗ? ಜೀವ ಉಳಿಸಿ ಮಂಚದಲ್ಲೇ ಬಿಟ್ಟರೆ ಅದೆಂಥ ಆರೋಗ್ಯ ಸ್ವಾಮಿ? ನೀವೇನಂತೀರಿ?