ವೋಚರ್ ಇಲ್ಲದ ಕತ್ತಿವರಸೆ

ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಈಗ ಭೋರ್ ಶಾಖೆಯಲ್ಲಿದ್ದೇನೆ. ಕಳೆದ ಶಿವಜಯಂತಿಗೆ ಇಲ್ಲಿನ ಹುಡುಗರು ಮರ್ದಾನಿ ಖೇಳ್ ಆಡಿದರು. ದಾಂಡಪಟ್ಟಾ ಗಿರ್ರನೆ ತಿರುಗಿತು, ಮಲಗಿದ್ದವನ ಹೊಟ್ಟೆಯ ಮೇಲಿನ ನಿಂಬೆಹಣ್ಣು ಎರಡು ಹೋಳಾಯಿತು. ನಾನೂ ಚಪ್ಪಾಳೆ ತಟ್ಟಿದೆ. ಆದರೆ ಮೈಕಿನವರು "ಮಹಾರಾಜರ ಕಾಲದ ವರಸೆ, ಒಂದಿಷ್ಟೂ ಬದಲಾಗಿಲ್ಲ" ಎಂದಾಗ ನನ್ನೊಳಗಿನ ಬ್ಯಾಂಕಿನವನು ಎದ್ದು ಕೂತ. ವೋಚರ್ ಎಲ್ಲಿ ಸ್ವಾಮಿ?

ನಗಬೇಡಿ, ನಮ್ಮವರೂ ಕಡಿಮೆಯಿಲ್ಲ. "ಚಾಲುಕ್ಯರ ಕತ್ತಿವಿದ್ಯೆ ಪೂರ್ತಿ ಮಾನಸೋಲ್ಲಾಸದಲ್ಲಿದೆ" ಅಂತ ಕನ್ನಡದ ಗೆಳೆಯರೊಬ್ಬರ ವಾದ. ಕಲ್ಯಾಣದ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಗ್ರಂಥವದು. ಅಂಕಕಾರರ ದ್ವಂದ್ವದ ಅಂಕವಿನೋದ, ಕುಸ್ತಿಯ ಮಲ್ಲವಿನೋದ ಎಲ್ಲ ಇವೆ, ನಿಜ. ಆದರೆ ಹೆಸರೇ ಹೇಳುವಂತೆ ಅದು ವಿನೋದ. ಕಾಳಗ ನೋಡುವ ರಾಜನಿಗೆ ಬರೆದದ್ದು, ಕಲಿಯುವ ಹುಡುಗನಿಗಲ್ಲ.

ಕೊರಿಯಾದವರ ಕಥೆ ಕೇಳಿ. ಅಲ್ಲಿನ ದೊರೆ ಜೊಂಗ್‌ಜೊ 1790ರಲ್ಲಿ 'ಮುಯೆದೊಬೊತೊಂಗ್‌ಜಿ' ಎಂಬ ಕೈಪಿಡಿ ಮಾಡಿಸಿದ. 24 ಯುದ್ಧವಿದ್ಯೆಗಳು, ಭಂಗಿಗಳ ಚಿತ್ರ ಸಮೇತ. ಅಷ್ಟಿದ್ದೂ ಒಂದು ಚಿತ್ರದಿಂದ ಮುಂದಿನದಕ್ಕೆ ಕಾಲು ಹೇಗೆ ಸರಿಯಿತು ಎಂಬುದನ್ನು ಇಂದು ಊಹಿಸಿಯೇ ಕಟ್ಟಬೇಕು. ಚಿತ್ರವಿದ್ದವರ ಪಾಡೇ ಹೀಗಾದರೆ ನಮ್ಮದೇನು?

ಮೆರವಣಿಗೆ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯ ವಸ್ತಾದರನ್ನು ಮಾತಾಡಿಸಿದೆ. ಪಟ್ಟಾದ ಹಿಡಿ ಮುಂಗೈಯನ್ನೇ ಮುಚ್ಚುತ್ತದೆ, ಮಣಿಕಟ್ಟು ಬಾಗುವುದಿಲ್ಲ. ಭುಜದಿಂದ, ಸೊಂಟದಿಂದ, ಹೆಜ್ಜೆಯಿಂದಲೇ ತಿರುಗಿಸಬೇಕು. "ನಿಂಬೆಹಣ್ಣು ಜನರಿಗೆ, ಸಾಹೇಬ್. ನಮ್ಮ ಗುರುಗಳು ಮೊದಲ ವರ್ಷ ಬರೀ ಹೆಜ್ಜೆ ಕಲಿಸಿದ್ದರು. ಈಗ ಅದನ್ನು ಯಾರೂ ಕೇಳುವುದಿಲ್ಲ" ಎಂದರು. ಬರೆದಿಟ್ಟಿದ್ದೀರಾ ಎಂದೆ. ಸುಮ್ಮನೆ ನಕ್ಕರು.

2024ರಲ್ಲಿ ಮಹಾರಾಷ್ಟ್ರ ಸರ್ಕಾರ ದಾಂಡಪಟ್ಟಾವನ್ನು ರಾಜ್ಯಶಸ್ತ್ರವೆಂದು ಘೋಷಿಸಿತು. ಸಂತೋಷ. ಆದರೆ ಈ ಅಜ್ಜ ಹೋದ ಮೇಲೆ ಘೋಷಣೆ ಬಂದು ಹೆಜ್ಜೆ ಹೇಳಿಕೊಡುತ್ತದೆಯೇ?

ನನ್ನ ಬೇಡಿಕೆ ಸಣ್ಣದು. ಅವರ ಹೆಜ್ಜೆಗಳನ್ನು ನಿಧಾನವಾಗಿ, ಕಾಲು ಕಾಣುವಂತೆ ವಿಡಿಯೊ ಮಾಡಿ. ಮೂರು ಕಾಲಂ ಹಾಕಿ: ಗುರು ಕೊಟ್ಟದ್ದು, ಪುಸ್ತಕದಲ್ಲಿ ಸಿಕ್ಕಿದ್ದು, ನಾವೇ ಸೇರಿಸಿದ್ದು. ಮೂರನೆಯದು ಅವಮಾನವಲ್ಲ. ತಾಳೆಯಾಗದ ಮೊತ್ತವನ್ನು ನಾವು ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಅದನ್ನೇ ಲಾಭ ಅಂತ ತೋರಿಸಿದರೆ ಕೆಲಸ ಹೋಗುತ್ತದೆ. ಇತಿಹಾಸದ ಲೆಕ್ಕಕ್ಕೆ ಮಾತ್ರ ಆಡಿಟ್ ಬೇಡವೇ? ಏನಂತೀರಿ?