ಯಾರು ಕುಡಿದರೆ ಸಂಪ್ರದಾಯ? ಯಾರು ಕುಡಿದರೆ ಚಟ?

2010ರ ನಂತರ ಬೆಂಗಳೂರಿನ ಇಂದಿರಾನಗರ, ಕೋರಮಂಗಲಗಳಲ್ಲಿ ಹೊಸ ನಮೂನೆಯ ಹೆಂಡದಂಗಡಿಗಳು ಎದ್ದಿವೆ. ಹೆಂಡದಂಗಡಿ ಅಂದರೆ ಅವರಿಗೆ ಸಿಟ್ಟು ಬರುತ್ತೆ. ಅದು ಮೈಕ್ರೋಬ್ರೂವರಿ! ಅಲ್ಲೇ ಕಾಯಿಸಿ, ಅಲ್ಲೇ ಹುದುಗು ಬರಿಸಿ, ಅಲ್ಲೇ ಮಾರುತ್ತಾರೆ. "ಸಾಂಪ್ರದಾಯಿಕ ಶೈಲಿಯ ಬಿಯರ್" ಅಂತ ಹೆಸರು ಬೇರೆ.

ಹೊಸದಾಗಿ ತೆರೆದ ಅಂಥದೊಂದಕ್ಕೆ ನಾವೂ ಹೋದೆವು. ರುಚಿ ನೋಡಲು ಹಲಗೆ ಮೇಲೆ ಪುಟ್ಟ ಲೋಟಗಳನ್ನು ಜೋಡಿಸಿ ತಂದರು. ಗೋಧಿ ಬಿಯರಿಗೆ ಬಾಳೆಹಣ್ಣು, ಲವಂಗದ ಘಮ. ಹಣ್ಣು ಹಾಕಿಲ್ಲ, ಅದು ಯೀಸ್ಟಿನ ಕೆಲಸ. ಬೆಲ್ಜಿಯಂ ಬಗೆಯದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಕಪ್ಪು ಸ್ಟೌಟಿನಲ್ಲಿ ಹುರಿದ ಬಾರ್ಲಿಯ ಕಹಿ. ಚೆನ್ನಾಗೇ ಇದೆ, ಸುಳ್ಳು ಯಾಕೆ? ನಾಲಿಗೆಗೆ ಜಾತಿಯಿಲ್ಲ. ಜಾತಿ ಇರುವುದು ಲೋಟಕ್ಕೆ. ಚಾದಂಗಡಿಯಲ್ಲಿ ನಮಗೆಂದೇ ಬೇರೆ ಲೋಟ ಇಟ್ಟ ದೇಶವಲ್ಲವೇ ಇದು!

ಇವರ ಸಂಪ್ರದಾಯ ಯಾರದು? ಜರ್ಮನಿಯ ಬವೇರಿಯದ್ದು. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಇನ್ನೇನೂ ಹಾಕಕೂಡದೆಂದು 1516ರಲ್ಲಿ ಅಲ್ಲಿನ ದೊರೆಗಳು ಕಾನೂನು ಮಾಡಿದರು. ಆದರೆ ಗೋಧಿ ಬಿಯರ್ ಮಾಡುವ ಹಕ್ಕು ಒಂದು ಶ್ರೀಮಂತ ಮನೆತನಕ್ಕೆ ಸಿಕ್ಕಿತು; 1602ರಲ್ಲಿ ದೊರೆಯ ಕೈಗೇ ಹೋಯಿತು. ಜನಕ್ಕೆ ಕಾನೂನು, ಒಡೆಯನಿಗೆ ಹಕ್ಕು. ಕಾಲ ಕಳೆದ ಮೇಲೆ ಅದಕ್ಕೇ ಸಂಪ್ರದಾಯವೆಂಬ ಕಿರೀಟ!

ಇಲ್ಲೇನು ಕಡಿಮೆ? ಈಚಲು ಹೆಂಡವೂ ಯೀಸ್ಟಿನ ಕೆಲಸವೇ. ಅದಕ್ಕೆ ಯಾರೂ ಹಲಗೆ ಕೆತ್ತಿಸಲಿಲ್ಲ. ಕೂಲಿ ಮುಗಿಸಿ ನಮ್ಮಪ್ಪ ಕುಡಿದರೆ "ಆ ಜನವೇ ಹಂಗೆ". ಸಾಫ್ಟ್‌ವೇರ್ ಸಾಹೇಬರು ಕುಡಿದರೆ ಅಭಿರುಚಿ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಕುಡಿತ ನಿಂತಿತೇ? ಬಡವ ಹೆಚ್ಚು ಕಾಸು ಕೊಟ್ಟು ಅಗ್ಗದ ವಿಸ್ಕಿಗೆ ಬಿದ್ದ. ಕೆಲವೇ ವರ್ಷದಲ್ಲಿ ಉಳ್ಳವರಿಗೆ ಬ್ರೂವರಿ ಲೈಸೆನ್ಸು ಬಂತು.

ನಾವು ಸಾರಾಯಿ ಪರ ವಕಾಲತ್ತು ಹಾಕುತ್ತಿಲ್ಲ. ಅದು ನಮ್ಮ ಕೇರಿಯ ಎಷ್ಟೋ ತಾಳಿ ಕಿತ್ತಿದೆ. ಹೆಂಡ ಬೇಡ, ವಸತಿ ಶಾಲೆ ಕೊಡಿ ಎಂದು ಬೀದಿಗಿಳಿದದ್ದು ನಮ್ಮ ಚಳವಳಿಯೇ. ನಮ್ಮ ಜಗಳ ಎರಡು ತಕ್ಕಡಿಯ ಮೇಲೆ.

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಆ ನೀರಿಗಾಗಿಯೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗಿಳಿದರು. ಬೊಗಸೆ ನೀರು ಕುಡಿದದ್ದಕ್ಕೆ ನಮ್ಮವರನ್ನು ಬಡಿದರು. ಸೆಗಣಿ, ಗಂಜಲ ಸುರಿದು ಕೆರೆ "ಶುದ್ಧ" ಮಾಡಿದರು. ನಾವು ರುಚಿ ನೋಡಿದ ಚರಿತ್ರೆ ಅದು!

ಹಾಸ್ಟೆಲಿನ ಗೆಳೆಯರೇ, ಆ ಮೇಜಿನತ್ತ ಜೊಲ್ಲು ಸುರಿಸಬೇಡಿ. ಅಪ್ಪನ ನೆನೆದು ತಲೆ ತಗ್ಗಿಸಲೂ ಬೇಡಿ. ಲೆಕ್ಕ ಕೇಳಿ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಮಾತಿಗೆ ಮೊದಲೇ ಜನರ ಪೌಷ್ಟಿಕತೆ, ಜೀವನಮಟ್ಟ ಎತ್ತಬೇಕೆನ್ನುತ್ತದೆ. ಅಬಕಾರಿ ಹಣದಲ್ಲಿ ನಮ್ಮಪ್ಪಂದಿರ ಕೂಲಿ ಇದೆ. ಅದರಲ್ಲಿ ಹಾಸ್ಟೆಲಿನ ತಟ್ಟೆಗೆಷ್ಟು? ಪುಸ್ತಕಕ್ಕೆಷ್ಟು? ಕೇರಿಯ ನಲ್ಲಿಗೆಷ್ಟು?

ಇದು ಭಿಕ್ಷೆಯಲ್ಲ, ಬಾಕಿ.

ಜೈ ಭೀಮ್.